ಗೋಧಿ ಸೋಕದ ಚೈನೀಸ್

ವಿಜಯಪುರದ ಗಾಡಿ ಚೈನೀಸಿನ ರುಚಿ ಮೈದಾ ಮತ್ತು ಸೋಯಾ ಸಾಸಿನ ಮೇಲೆ ನಿಂತಿದೆ. ಸೋಯಾ ಸಾಸಿನಲ್ಲೂ ಬಹುಮಟ್ಟಿಗೆ ಗೋಧಿ ಇರುತ್ತದೆ. ಗ್ಲುಟೆನ್ ಒಗ್ಗದವರಿಗೆ ಎರಡೂ ಬೇಡ. ಆದರೆ ಜೋಳದ ಸೀಮೆಯ ಅಡುಗೆಮನೆಗೆ ಇದೇನು ದೊಡ್ಡ ತೊಡಕಲ್ಲ.

ಕೋಳಿಯ ಸಣ್ಣ ತುಂಡುಗಳಿಗೆ ಉಪ್ಪು, ಮೆಣಸಿನಪುಡಿ, ತೆಳ್ಳಗೆ ಕಾರ್ನ್‌ಫ್ಲೋರ್ ಸವರಿ. ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾಯಲಿ. ಕೋಳಿ ಸ್ವಲ್ಪ ಸ್ವಲ್ಪವೇ ಬೀಳಬೇಕು. ಒಮ್ಮೆಗೇ ಸುರಿದರೆ ನೀರು ಬಿಟ್ಟು ಬೆಂದೀತು, ಹುರಿಯದು. ಬೆಂದದ್ದನ್ನು ತೆಗೆದಿಟ್ಟು ಬಳ್ಳೊಳ್ಳಿ, ಹಸಿಶುಂಠಿ, ಆಮೇಲೆ ಗಜ್ಜರಿ, ಡೊಣ್ಣ ಮೆಣಸಿನಕಾಯಿ, ಕೊನೆಗೆ ಉಳ್ಳಾಗಡ್ಡಿ. ಕಾಯಿಪಲ್ಲೆ ಕಚ್ಚಿದರೆ ಕರಕರ ಅನ್ನಬೇಕು. ಕೋಳಿಯನ್ನು ಮತ್ತೆ ಹಾಕಿ ಎರಡು ಸಲ ಎತ್ತಿ ತಿರುವಿದರೆ ಸಾಕು.

ಸಾಸಿಗೆ? ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ತೋಟಗಳಿಗೇನು ಕೊರತೆ! ನೆನೆಸಿದ ಒಣದ್ರಾಕ್ಷಿ ಅರೆದು ಇಂಡಿ ನಿಂಬೆಯ ಹುಳಿ ಹಿಂಡಿದರೆ, ಬಾಟಲಿ ಸಾಸಿಗಿಂತ ನನಗೆ ಇದೇ ಮೇಲು. ಸೋಯಾ ಬೇಕೇಬೇಕೆಂದರೆ ಗೋಧಿಯಿಲ್ಲದ ತಮಾರಿ ಇದೆ, ತುಸು ತುಟ್ಟಿ. ನೂಡಲ್ಸಿನ ಬದಲು ಬಿಸಿ ಜೋಳದ ನುಚ್ಚು ಬಡಿಸಿ. ಬಾಣಲೆಯ ರಸವನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಜೋಳ ಒಡೆಸುವಾಗ ಮಾತ್ರ, ಅದೇ ಗಿರಣಿಯಲ್ಲಿ ಈಗಷ್ಟೇ ಗೋಧಿ ಬೀಸಿದ್ದಾರೋ ಎಂದು ಕೇಳಿಕೊಳ್ಳಿ.