ವಿಲ್ಲೆಮ್ ವಾನ್ ಡೆ ವೆಲ್ಡೆ: ಎರಡು ದಡಗಳ ಚಿತ್ರಕಾರ

ಐರೋಪ್ಯ ಚಿತ್ರಕಲೆಯ ಚರಿತ್ರೆಯಲ್ಲಿ ಕಡಲನ್ನು ಚಿತ್ರಿಸಿದವರು ಅನೇಕರಿದ್ದಾರೆ. ಆದರೆ ಒಂದು ರಾಷ್ಟ್ರದ ಕಡಲಚಿತ್ರ ಪರಂಪರೆಗೆ ಮೂಲಪುರುಷನೆನಿಸಿದವನು ಆ ರಾಷ್ಟ್ರದವನೇ ಅಲ್ಲ, ಅದರೊಡನೆ ಯುದ್ಧ ಹೂಡಿದ್ದ ನೆರೆನಾಡಿನಿಂದ ವಲಸೆ ಬಂದವನು ಎಂಬುದು ಅಪರೂಪದ ಸಂಗತಿ. ಆಂಗ್ಲ ವಿಮರ್ಶಕರೇ ತಮ್ಮ ಕಡಲಚಿತ್ರಗಳಿಗೆ ಆದ್ಯನೆಂದು ಮನ್ನಿಸಿರುವ ಕಿರಿಯ ವಿಲ್ಲೆಮ್ ವಾನ್ ಡೆ ವೆಲ್ಡೆ (1633–1707) ಹುಟ್ಟಿದ್ದು ಹಾಲೆಂಡಿನ ಲೈಡನ್ ಪಟ್ಟಣದಲ್ಲಿ. ಮಲಯಾಳಿಗಳು ಲಂತಕ್ಕಾರರೆಂದು ಕರೆದ, 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಸಿದುಕೊಂಡ ಡಚ್ಚರ ನಾಡು ಅದು. ಆ ಕಾಲದ ಡಚ್ ಹಡಗುಗಳು ಹೇಗಿದ್ದುವೆಂದು ಕಣ್ಣಾರೆ ತಿಳಿಯಬೇಕಾದರೆ ಇವನ ಚಿತ್ರಗಳಿಗಿಂತ ಬೇರೆ ಸಾಕ್ಷ್ಯವನ್ನು ಹುಡುಕಬೇಕಾಗಿಲ್ಲ.

ತಂದೆಯ ಹೆಸರೂ ವಿಲ್ಲೆಮ್ (1611–1693). ಆತನದು ವಿಶಿಷ್ಟ ಪದ್ಧತಿ. ಬಿಳಿಯ ಹದ ಕೊಟ್ಟ ಹಲಗೆಯ ಮೇಲೆ ಕುಂಚವನ್ನು ಬಿಟ್ಟು ಲೇಖನಿಯಿಂದಲೇ ಚಿತ್ರವನ್ನು ರಚಿಸುತ್ತಿದ್ದನು. ಸಣ್ಣ ಹಡಗೊಂದರಲ್ಲಿ ಡಚ್ ನೌಕಾಪಡೆಯ ಜೊತೆಗೆ ಹೋಗಿ, ಗುಂಡುಗಳು ಹಾರುತ್ತಿರುವಾಗಲೇ ಕಾಳಗವನ್ನು ಕಾಗದಕ್ಕಿಳಿಸಿದ ಸಾಹಸಿ ಆತ. ಮಗನು ತಂದೆಯಿಂದ ಹಡಗಿನ ಅಂಗಾಂಗಗಳನ್ನು ಕಲಿತನು. ವೀಸ್ಪ್ ಎಂಬ ಊರಿನಲ್ಲಿದ್ದ ಸಿಮೋನ್ ಡೆ ವ್ಲೀಗರ್‌ನಿಂದ ಆಕಾಶವನ್ನು, ಬೆಳಕನ್ನು ಕಲಿತನು. ತಂದೆಯ ಚಿತ್ರದಲ್ಲಿ ಹಗ್ಗಗಳನ್ನು ಎಣಿಸಬಹುದು. ಮಗನ ಚಿತ್ರದಲ್ಲಿ ಆ ಹಗ್ಗಗಳ ನಡುವೆ ಗಾಳಿ ಸುಳಿಯುತ್ತದೆ.

1672 ಡಚ್ಚರಿಗೆ ಕೇಡಿನ ವರ್ಷ. ಇಂಗ್ಲೆಂಡ್ ಮತ್ತು ಫ್ರಾನ್ಸ್ ಒಟ್ಟಾಗಿ ಅವರ ಮೇಲೆ ಬಿದ್ದುವು, ಚಿತ್ರಗಳನ್ನು ಕೊಳ್ಳುವವರಿಲ್ಲದಾಯಿತು. ಕಿರಿಯ ಸೋದರ, ಕಡಲತೀರದ ಮರಳಿನ ಮೇಲೆ ಜನಜೀವನವನ್ನು ಸೊಗಸಾಗಿ ಚಿತ್ರಿಸಿದ್ದ ಆಡ್ರಿಯಾನನು ಆ ವರ್ಷದ ಆರಂಭದಲ್ಲೇ ತೀರಿಕೊಂಡಿದ್ದನು. ಡಚ್ಚರು ಬಂದು ನೆಲೆಸಬಹುದೆಂದು ಇಂಗ್ಲೆಂಡಿನ ಅರಸ ಎರಡನೆಯ ಚಾರ್ಲ್ಸ್ ಆಹ್ವಾನವಿತ್ತಿದ್ದನು. ತಂದೆ ಮಕ್ಕಳಿಬ್ಬರೂ ಸಮುದ್ರವನ್ನು ದಾಟಿದರು. 1674ರ ರಾಜಾಜ್ಞೆಯಂತೆ ಕಾಳಗಗಳ ರೇಖಾಚಿತ್ರ ಬರೆಯಲು ತಂದೆಗೆ ವರ್ಷಕ್ಕೆ 100 ಪೌಂಡು, ಅವಕ್ಕೆ ಬಣ್ಣದ ರೂಪ ಕೊಡಲು ಮಗನಿಗೆ 100 ಪೌಂಡು ಗೊತ್ತಾಯಿತು. ಗ್ರೀನಿಚ್ಚಿನ ರಾಣಿಯ ಅರಮನೆಯಲ್ಲಿ ಅವರಿಗೆ ಕೆಲಸದ ಕೋಣೆ ದೊರೆಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗಡಿನಾಡಿನಲ್ಲಿ ಪಾಠ ಹೇಳುವ ನಮಗೆ ಅದು ಅಪರಿಚಿತವೇನೂ ಅಲ್ಲ. ಇವನು ಯಾವ ಕಡೆಯವನು? 1666ರ ನಾಲ್ಕು ದಿನಗಳ ಕಾಳಗದಲ್ಲಿ ಆಂಗ್ಲರ ‘ರಾಯಲ್ ಪ್ರಿನ್ಸ್’ ಹಡಗು ಮರಳದಿಣ್ಣೆಗೆ ಸಿಕ್ಕಿ ಶರಣಾದುದನ್ನು ಹಾಲೆಂಡಿನಲ್ಲಿದ್ದಾಗ ಚಿತ್ರಿಸಿದ ಕುಂಚವೇ ಮುಂದೆ ಆಂಗ್ಲರ ಅರಸನ ಸಂಬಳಕ್ಕೆ ದುಡಿಯಿತು. 1672ರ ಸೋಲ್‌ಬೇ ಕಾಳಗವನ್ನು ತಂದೆ ಡಚ್ಚರ ಕಡೆಯಿಂದ ನೋಡಿ ಬರೆದುಕೊಂಡಿದ್ದನು. ಚಾರ್ಲ್ಸ್ ಅರಸನಿಗಾಗಿ ನೇಯಿಸಿದ ಗೋಡೆವಸ್ತ್ರಗಳಿಗೆ ಮಾದರಿಯನ್ನು ರಚಿಸಿದವನೂ ಅವನೇ. ಇದನ್ನು ಅನ್ನದ ಋಣವೆನ್ನಬೇಕೆ, ನಿಷ್ಠೆಯ ಲೋಪವೆನ್ನಬೇಕೆ? ಈ ತೀರ್ಪನ್ನು ಚಿತ್ರಗಳ ಮುಂದೆ ನಿಂತು ಕೊಡಬೇಕೇ ಹೊರತು ಸಂಬಳದ ಪಟ್ಟಿಯ ಮುಂದೆ ಅಲ್ಲವೆಂದು ನಾವು ಭಾವಿಸುತ್ತೇವೆ.

‘ತೋಪಿನ ಹೊಡೆತ’ ಎಂದು ಪ್ರಸಿದ್ಧವಾಗಿರುವ ಚಿತ್ರವನ್ನು ನೋಡಿರಿ. ಇದು ಈಗ ಆಂಸ್ಟರ್ಡಾಮಿನ ರೈಕ್ಸ್ ಮ್ಯೂಸಿಯಮಿನಲ್ಲಿದೆ. ಗಾಳಿಯಿಲ್ಲ, ದೊಡ್ಡ ಯುದ್ಧನೌಕೆಯ ಹಾಯಿಗಳು ಒಗೆದು ಹರವಿದ ಬಟ್ಟೆಯಂತೆ ಜೋತುಬಿದ್ದಿವೆ. ದಿಗಂತರೇಖೆ ಬಹಳ ಕೆಳಗಿದೆ. ಚಿತ್ರದ ಹೆಚ್ಚು ಭಾಗವನ್ನು ಆಕಾಶವೇ ಆಕ್ರಮಿಸಿದೆ. ಹಡಗಿನ ಪಕ್ಕದಿಂದ ಬೆಳ್ಳನೆಯ ಹೊಗೆ ಹೊರಟಿದೆ. ಇದು ಶತ್ರುವಿನ ಮೇಲೆ ಹಾರಿಸಿದ ಗುಂಡಲ್ಲ, ಕೇವಲ ಮರ್ಯಾದೆಯ ಸದ್ದು. ಆ ಸದ್ದು ಇಲ್ಲದಿದ್ದರೆ ಇಡೀ ಕಡಲಿನ ಮೌನ ನಮ್ಮ ಗಮನಕ್ಕೇ ಬರುತ್ತಿರಲಿಲ್ಲ. ಇದರ ಜೊತೆಗಾರನೆನ್ನಬಹುದಾದ ‘ಬಿರುಗಾಳಿಯ ಬಡಿತ’ದಲ್ಲಿ ಅದೇ ಬಗೆಯ ನೌಕೆ ಒಂದು ಮಗ್ಗುಲಿಗೆ ವಾಲಿ, ಕಪ್ಪು ಮೋಡದ ಕೆಳಗೆ ಅಲೆಗಳ ನಡುವೆ ಹೋರಾಡುತ್ತಿದೆ. ಎರಡೂ ಇಂಗ್ಲೆಂಡಿಗೆ ಬಂದ ಮೇಲಿನವು, ಸುಮಾರು 1680ರವು ಎಂದು ಈಗ ಎಣಿಸಲಾಗಿದೆ. ಹಾಗಿದ್ದರೆ ವಲಸೆಯಿಂದ ಅವನ ಕಲೆ ಕುಗ್ಗಿತೆಂಬ ಮಾತು ನಿಲ್ಲುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಬೇಡಿಕೆ ಹೆಚ್ಚಿದಂತೆ ಕಾರ್ಯಾಗಾರದಲ್ಲಿ ಶಿಷ್ಯರ ಕೈ ಸೇರಿತು. ಒಂದೇ ಹಡಗು, ಒಂದೇ ಮೋಡ ಹಲವು ಚಿತ್ರಗಳಲ್ಲಿ ಮರುಕಳಿಸಿತು. ಹಳೆಯ ರೇಖಾಚಿತ್ರದ ಮೇಲೆ ತೇವದ ಕಾಗದವನ್ನೊತ್ತಿ ಪಡಿಯಚ್ಚು ತೆಗೆಯುವ ಉಪಾಯವೂ ಅವರಲ್ಲಿ ಬಳಕೆಯಲ್ಲಿತ್ತು. ಅವನ ಮನುಷ್ಯರೂ ಬಹುಮಟ್ಟಿಗೆ ಅಚ್ಚಿನ ಗೊಂಬೆಗಳು. ತೀರದ ಬೆಸ್ತನ ಬದುಕನ್ನು ಅರಿಯಲು ಆಡ್ರಿಯಾನನ ಬಳಿಗೇ ಹೋಗಬೇಕು. ಅರಸರಿಗಾಗಿ ಬರೆದ ಕಾಳಗದ ಚಿತ್ರಗಳು ಹಲವು ವೇಳೆ ದಾಖಲೆಯ ಮಟ್ಟವನ್ನು ದಾಟುವುದಿಲ್ಲ. ಇಳಿತದ ವೇಳೆ ಮರಳಿನ ಮೇಲೆ ನಿಂತ ದೋಣಿಯನ್ನೋ, ಒಣಗಲು ಬಿಟ್ಟ ಹಾಯಿಯನ್ನೋ ಚಿತ್ರಿಸುವಾಗ ಅವನು ನಿಜವಾದ ಕವಿ.

ಅವನ ಪ್ರಭಾವ ಮೊನಮಿ, ಸ್ಕಾಟ್, ಬ್ರೂಕಿಂಗ್ ಮೊದಲಾದವರ ಮೂಲಕ ಮುಂದಿನ ಶತಮಾನವನ್ನು ಆಳಿತು. 1801ರಲ್ಲಿ ಟರ್ನರನು ಪ್ರದರ್ಶಿಸಿದ ಬಿರುಗಾಳಿಯ ಡಚ್ ದೋಣಿಗಳ ಚಿತ್ರವಂತೂ ಬ್ರಿಡ್ಜ್‌ವಾಟರ್ ಡ್ಯೂಕನ ಬಳಿಯಿದ್ದ ವಾನ್ ಡೆ ವೆಲ್ಡೆಯ ಕೃತಿಗೆ ಜೋಡಿಯಾಗಿ ಡ್ಯೂಕನೇ ಬರೆಯಿಸಿದುದು.

ಮತ್ತೊಂದು ಚಿತ್ರವನ್ನು ಹೇಳದೆ ಬಿಡಲಾಗದು. 1686ರಲ್ಲಿ, ಇಂಗ್ಲೆಂಡಿನಲ್ಲಿ ಹೆಸರು ಹಣ ಎರಡನ್ನೂ ಗಳಿಸಿದ ಮೇಲೆ, ಅವನು ಆಂಸ್ಟರ್ಡಾಂ ಬಂದರನ್ನು ಮೂರು ಮೀಟರಿಗೂ ಅಗಲವಾದ ಪಟದಲ್ಲಿ ಚಿತ್ರಿಸಿದನು. ಮುಂದುಗಡೆ ನಿಂತಿರುವುದು ‘ಗೌಡನ್ ಲೇವ್’, ಎಂದರೆ ಬಂಗಾರದ ಸಿಂಹ. 1673ರಲ್ಲಿ ಆಂಗ್ಲರ ಪಡೆಯನ್ನೆದುರಿಸಿದ ಟ್ರಾಂಪನ ಧ್ವಜನೌಕೆ. ಕಾಳಗವಿಲ್ಲ. ಹಳೆಯ ಹಡಗಿನ ಸುತ್ತ ಸಣ್ಣ ದೋಣಿಗಳು ತಮ್ಮ ತಮ್ಮ ಕೆಲಸದಲ್ಲಿ ತೊಡಗಿವೆ. ಹಿಂದೆ, ಅವನು ಬಿಟ್ಟುಬಂದ ಊರಿನ ಗೋಪುರಗಳು ಕಾಣುತ್ತವೆ.