ಹಾಲುರಾಮೇಶ್ವರದ ಕೊಳ, ವಿದ್ಯಾರ್ಥಿಯ ಅಡಿಟಿಪ್ಪಣಿ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋದವರು ದೇವಸ್ಥಾನದಷ್ಟೇ ಅಲ್ಲಿನ ಕೊಳವನ್ನೂ ನೆನಪಿಟ್ಟುಕೊಳ್ಳುತ್ತಾರೆ. ಭಕ್ತರು ಆ ಕೊಳದ ಗಂಗೆಯ ಮುಂದೆ ನಿಂತು ಮನಸ್ಸಿನ ಕೋರಿಕೆ ಹೇಳಿಕೊಳ್ಳುತ್ತಾರೆ. ನೀರಿನಿಂದ ಹಣ್ಣೋ ಎಲೆಯೋ ತೇಲಿ ಬಂದರೆ ಅದೇ ಪ್ರಸಾದ, ಅದೇ ಉತ್ತರ ಎಂಬುದು ಅವರ ನಂಬಿಕೆ. ಚಿತ್ರದುರ್ಗ ಜಿಲ್ಲೆಯ ಪದವಿ ವಿದ್ಯಾರ್ಥಿಗೆ ‘ನಿಮ್ಮ ಸೀಮೆಯ ಒಂದು ಸ್ಥಳದ ಬಗ್ಗೆ ಕಿರುಪ್ರಬಂಧ ಬರೆಯಿರಿ’ ಎಂದರೆ ಇಂಥ ಕ್ಷೇತ್ರ ಕಣ್ಣಿಗೆ ಬೀಳುವುದು ಸಹಜ. ಆಯ್ಕೆ ಒಳ್ಳೆಯದೇ. ತೊಂದರೆ ಇರುವುದು ಬರೆಯುವ ಕ್ರಮದಲ್ಲಿ.

ನಮ್ಮ ಕಾಲೇಜುಗಳ ಸ್ಥಳೀಯ ಚರಿತ್ರೆಯ ಪ್ರಬಂಧಗಳಿಗೆ ಒಂದು ಅಚ್ಚು ಸಿದ್ಧವಾಗಿಬಿಟ್ಟಿದೆ. ಮೊದಲು ಜಿಲ್ಲೆಯ ಪರಿಚಯ, ಆಮೇಲೆ ಸ್ಥಳಪುರಾಣ, ಜಾತ್ರೆ, ಹರಕೆ, ಒಂದಷ್ಟು ಫೋಟೊ, ಕೊನೆಯಲ್ಲಿ ‘ಪರಾಮರ್ಶನ ಗ್ರಂಥಗಳು’ ಎಂಬ ಪುಟ. ಒಳಗಿನ ವಾಕ್ಯಗಳು ‘ಪ್ರತೀತಿ ಇದೆ’, ‘ಹೇಳಲಾಗುತ್ತದೆ’, ‘ಇತಿಹಾಸಕಾರರ ಪ್ರಕಾರ’ ಎಂದು ಮುಗಿಯುತ್ತವೆ. ಯಾವ ಇತಿಹಾಸಕಾರರು, ಯಾವ ಪುಸ್ತಕದ ಎಷ್ಟನೇ ಪುಟ, ಹೇಳಿದವರು ಅರ್ಚಕರೋ ಹರಕೆ ಹೊತ್ತು ಬಂದ ತಾಯಿಯೋ, ಯಾವುದಕ್ಕೂ ಜವಾಬಿಲ್ಲ. ವಿದ್ಯಾರ್ಥಿ ಊರಿಗೆ ಹೋಗಿಬಂದಿರುತ್ತಾನೆ, ಜನರ ಜೊತೆ ಮಾತಾಡಿರುತ್ತಾನೆ. ಆದರೂ ಆ ಶ್ರಮ ಪುಟದ ಮೇಲೆ ಕಾಣಿಸುವುದಿಲ್ಲ. ಕ್ಷೇತ್ರಕಾರ್ಯ ಮಾಡಿದವನ ಬರಹಕ್ಕೂ ಕುಳಿತಲ್ಲೇ ನಕಲು ಇಳಿಸಿದವನ ಬರಹಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಈ ಪದ್ಧತಿಯ ದೊಡ್ಡ ಅನ್ಯಾಯ ಇದೇ.

ಹಾಲುರಾಮೇಶ್ವರದ ಕೊಳದ ಬಗ್ಗೆ ಬರೆಯುವವನು ಮೂರು ಬಗೆಯ ಮಾತುಗಳನ್ನು ಬೇರೆಬೇರೆ ಇಡಬೇಕು: ತಾನೇ ಕಂಡದ್ದು, ಇನ್ನೊಬ್ಬರಿಂದ ಕೇಳಿದ್ದು, ಪುಸ್ತಕದಲ್ಲಿ ಓದಿದ್ದು. ಇಂಥ ದಿನ, ಇಂಥ ಹೊತ್ತಿನಲ್ಲಿ ಕೊಳದ ಬಳಿ ಇದ್ದೆ, ಇಷ್ಟು ಕಂಡೆ ಎಂದು ಬರೆದರೆ ಅದು ವೀಕ್ಷಣೆ. ಕಳೆದ ವರ್ಷದ ಕೋರಿಕೆಗೆ ಹೀಗೆ ಉತ್ತರ ಬಂತು ಎಂದು ಭಕ್ತರೊಬ್ಬರು ಹೇಳಿದರೆ ಅದು ಅವರ ಅನುಭವದ ಸಾಕ್ಷ್ಯ. ನೀರಿನಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ಆ ಮಾತು ಉತ್ತರವಾಗಲಾರದು. ಜನ ಏನನ್ನು ನಂಬಿ ಬರುತ್ತಾರೆ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಆಕರ ಬೇರೆ ಇಲ್ಲ. ಒಂದೇ ಮಾತು ಒಂದು ಪ್ರಶ್ನೆಗೆ ಆಧಾರವಾಗಿ ಇನ್ನೊಂದಕ್ಕೆ ಆಗದಿರಬಹುದು ಎಂಬ ವಿವೇಕವೇ ಪ್ರಾಥಮಿಕ ಸಂಶೋಧನೆಯ ಮೊದಲ ಪಾಠ. ಹೀಗೆ ಬರೆದರೆ ನಂಬಿಕೆಗೆ ಅಪಚಾರವಾಗುತ್ತದೆಂಬ ಅಳುಕು ಬೇಡ. ಭಕ್ತರ ಮಾತನ್ನು ಅವರದೇ ಮಾತಾಗಿ ದಾಖಲಿಸುವುದು ಅವರಿಗೆ ಸಲ್ಲಿಸುವ ಗೌರವ.

ಇದೇ ಜಿಲ್ಲೆಯ ಇನ್ನೊಂದು ರಾಮೇಶ್ವರವನ್ನು ನೋಡಿ. ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಜಟಾಯುವಿನ ಕಥೆ ಅಂಟಿಕೊಂಡಿದೆ. 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನಗಳನ್ನು ಬೆಳಕಿಗೆ ತಂದ ಮೂರು ಜಾಗಗಳಲ್ಲಿ, ಬ್ರಹ್ಮಗಿರಿ ಮತ್ತು ಸಿದ್ದಾಪುರಗಳ ಜೊತೆಗೆ, ಆ ಬೆಟ್ಟವೂ ಒಂದು. ಪುರಾಣ ಮತ್ತು ಶಾಸನ ಎರಡೂ ಅಲ್ಲಿವೆ. ಎರಡನ್ನೂ ಕಲಸದೆ, ಒಂದರ ಮೇಲೊಂದನ್ನು ಹೇರದೆ ಬರೆದರೆ ಬೆಟ್ಟ ಇನ್ನಷ್ಟು ದೊಡ್ಡದಾಗಿಯೇ ಕಾಣುತ್ತದೆ.

ಆಕರ ನಮೂದಿಸುವುದು ಹೊರಗಿನಿಂದ ಹೇರಿದ ಶಿಸ್ತು ಎಂದು ಕೆಲವು ಅಧ್ಯಾಪಕರು ಗೊಣಗುವುದುಂಟು. ಕನ್ನಡ ಸಂಶೋಧನೆಯ ಬುನಾದಿಯೇ ಆ ಶಿಸ್ತು. ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಅದರಲ್ಲಿ ಹೊಳಲ್ಕೆರೆ, ಹಿರಿಯೂರು ಎಂದು ತಾಲ್ಲೂಕುವಾರು ವಿಂಗಡಿಸಿ ಪ್ರತಿ ಶಾಸನಕ್ಕೂ ಸಂಖ್ಯೆ ಕೊಟ್ಟಿದೆ. ಸಂಪುಟ, ತಾಲ್ಲೂಕು, ಸಂಖ್ಯೆ ಇಷ್ಟು ಬರೆದರೆ ಸಾಕು, ಓದುಗ ನೇರವಾಗಿ ಆ ಕಲ್ಲಿನ ಪಾಠಕ್ಕೇ ಹೋಗಬಹುದು. ಎಂ.ಎಂ. ಕಲಬುರ್ಗಿ ಅವರು ‘ಕನ್ನಡ ಸಂಶೋಧನ ಶಾಸ್ತ್ರ’ ಎಂದೇ ಪುಸ್ತಕ ಬರೆದಿದ್ದಾರೆ. ಪರಂಪರೆ ಇದೆ; ತರಗತಿಗೆ ಅದು ಇಳಿದಿಲ್ಲ.

ಈ ಶಿಸ್ತಿನ ಫಲವನ್ನು ತೋರಿಸಲು ಚಿತ್ರದುರ್ಗದ ಚಂದ್ರವಳ್ಳಿಯ ಶಾಸನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಮೂರು ಸಾಲಿನ ಪ್ರಾಕೃತ ಬರಹವಿದೆ. ಅದನ್ನು ಓದಿ ಪ್ರಕಟಿಸಿದ ಎಂ.ಎಚ್. ಕೃಷ್ಣ ಅವರಿಗೆ ಅದರಲ್ಲಿ ಪಲ್ಲವ, ಆಭೀರ, ತ್ರೈಕೂಟ, ಪುನ್ನಾಟ ಮುಂತಾದ ಹೆಸರುಗಳ ಸಾಲೇ ಕಂಡಿತು. ಮಯೂರಶರ್ಮನ ದಿಗ್ವಿಜಯದ ಚಿತ್ರ ಅದರಿಂದ ಮೂಡಿತು. ಮುಂದಿನ ವಿದ್ವಾಂಸರೆಲ್ಲ ಆ ಓದನ್ನು ಒಪ್ಪಲಿಲ್ಲ. ಚಿತ್ರದುರ್ಗದ ಬಿ. ರಾಜಶೇಖರಪ್ಪ ಶಾಸನವನ್ನು ಮತ್ತೆ ಓದಿ ಬೇರೆ ಪಾಠವನ್ನೇ ಮುಂದಿಟ್ಟರು. ಕೃಷ್ಣ ಅವರು ಬಂಡೆ ಎಲ್ಲಿದೆ, ತಾವು ಅಕ್ಷರಗಳನ್ನು ಹೇಗೆ ಓದಿದೆವು ಎಂಬುದನ್ನು ದಾಖಲಿಸಿದ್ದರಿಂದಲೇ ಈ ಮರುಓದು ಸಾಧ್ಯವಾಯಿತು. ‘ಒಂದು ಪ್ರಾಚೀನ ಶಾಸನದ ಪ್ರಕಾರ’ ಎಂದಷ್ಟೇ ಬರೆದಿದ್ದರೆ ತಿದ್ದುಪಡಿಗೆ ದಾರಿಯೇ ಇರುತ್ತಿರಲಿಲ್ಲ. ಆಕರ ಹೇಳುವವನು ತನ್ನನ್ನು ತಿದ್ದುವ ಹಕ್ಕನ್ನು ಮುಂದಿನವರ ಕೈಗೆ ಕೊಡುತ್ತಾನೆ.

ಆಕರದ ಜಾತಿ ಯಾವುದೆಂದು ಗುರುತಿಸದಿದ್ದರೆ ಏನಾಗುತ್ತದೆ ಎಂಬುದಕ್ಕೂ ಚಿತ್ರದುರ್ಗವೇ ಸಾಕ್ಷಿ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕಾದಂಬರಿಗೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒನಕೆ ಓಬವ್ವನನ್ನು ನಾಡಿನ ಕಣ್ಣಿಗೆ ಕಟ್ಟಿದ್ದು 1972ರ ‘ನಾಗರಹಾವು’ ಚಿತ್ರ. ಎರಡೂ ನಮ್ಮ ಹೆಮ್ಮೆ. ಆದರೆ 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿದ ಸಂಗತಿಗೆ ಕಾದಂಬರಿಯ ಸಂಭಾಷಣೆಯನ್ನು ಪುರಾವೆಯಾಗಿ ಕೊಡುವುದು ತಪ್ಪು. ದುರ್ಗ ತನ್ನ ಚರಿತ್ರೆಯನ್ನು ಹೇಗೆ ನೆನೆಯುತ್ತದೆ ಎಂಬ ಪ್ರಬಂಧಕ್ಕಾದರೆ ಅದೇ ಕಾದಂಬರಿ ಪ್ರಾಥಮಿಕ ಆಕರ.

ಬಾಯಿಮಾತಿನ ಆಕರಕ್ಕೂ ಹೆಸರು ಬೇಕು. ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಹಾಡುಗಾರ್ತಿ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದಾಗ ಅವು ‘ಜನಪದರ ಹಾಡು’ ಎಂಬ ಅನಾಮಿಕ ರಾಶಿಯಲ್ಲಿ ಕರಗಿಹೋಗಲಿಲ್ಲ. ಸಿರಿಯಜ್ಜಿಯ ಹಾಡುಗಳಾಗಿಯೇ ಉಳಿದವು. ವಿದ್ಯಾರ್ಥಿಯೂ ವಕ್ತೃವಿನ ಹೆಸರು, ವಯಸ್ಸು, ಊರು, ಮಾತಾಡಿದ ದಿನ ಬರೆಯಬೇಕು; ಹೆಸರು ಬೇಡವೆಂದರೆ ಬಿಡಬೇಕು, ಬಿಟ್ಟಿದ್ದೇನೆಂದು ತಿಳಿಸಬೇಕು. ಗ್ರಂಥಾಲಯದ ಪುಸ್ತಕಕ್ಕೆ ಸಿಗುವ ಮರ್ಯಾದೆ ಅಜ್ಜಿಯ ಮಾತಿಗೂ ಸಿಗಲಿ.

ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ತಂದಿತು. ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಅದನ್ನು ದಾಟಿದರೆ ಶೇ. 40, ಶೇ. 60ರ ಗಡಿಗಳಲ್ಲಿ ಶಿಕ್ಷೆ ಏರುತ್ತದೆ. ಕಳ್ಳತನಕ್ಕೆ ಕಡಿವಾಣ ಬೇಕು ನಿಜ. ಆದರೆ ಈ ಲೆಕ್ಕ ಹಿಡಿಯುವುದು ಪದಗಳ ಹೋಲಿಕೆಯನ್ನು ಮಾತ್ರ. ನಡೆಯದ ಸಂದರ್ಶನವನ್ನು ಕಲ್ಪಿಸಿ ಬರೆದರೆ ಹೋಲಿಕೆ ಸೊನ್ನೆ. ಓದದ ಗ್ರಂಥಗಳ ಹೆಸರು ಕೊನೆಯ ಪುಟದಲ್ಲಿ ತುಂಬಿದರೂ ಯಂತ್ರ ಸುಮ್ಮನಿರುತ್ತದೆ. ಮಾರ್ಗದರ್ಶಕರು ಕೇಳಬೇಕಾದ ಪ್ರಶ್ನೆಗಳೇ ಬೇರೆ: ನಿನ್ನ ಟಿಪ್ಪಣಿ ಪುಸ್ತಕ ಎಲ್ಲಿ? ಈ ಮಾತು ಯಾರದು? ಈ ಪುಟವನ್ನು ನೀನೇ ತೆರೆದು ನೋಡಿದೆಯಾ?

ನೂರು ಪುಟದ ಕಿರುಪ್ರಬಂಧ ಕೇಳುವುದನ್ನು ಬಿಟ್ಟು ಇಪ್ಪತ್ತು ಪುಟ ಕೇಳೋಣ. ಅಂಕದಲ್ಲಿ ಒಂದು ಪಾಲನ್ನು ಕ್ಷೇತ್ರ ಟಿಪ್ಪಣಿಗೂ ಅಡಿಟಿಪ್ಪಣಿಗೂ ಮೀಸಲಿಡೋಣ. ಒಳ್ಳೆಯ ಪ್ರಬಂಧದ ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿ ಉಳಿಯಲಿ. ಹಾಲುರಾಮೇಶ್ವರಕ್ಕೆ ನಿತ್ಯ ಬಂದುಹೋಗುವವರ ಭಾಷೆ, ನಡೆ, ನೋವು ಹೊಸದುರ್ಗದ ವಿದ್ಯಾರ್ಥಿಗೆ ಗೊತ್ತು. ದೂರದ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಅದು ಅಷ್ಟು ಸುಲಭವಾಗಿ ದಕ್ಕದು. ತಾನು ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಹೇಳಿದವರ ಹೆಸರಿನಲ್ಲಿ ಬರೆದರೆ ಇಪ್ಪತ್ತು ವರ್ಷದ ಆ ಹುಡುಗ, ಆ ಹುಡುಗಿ ಮುಂದಿನ ಸಂಶೋಧಕರು ಉಲ್ಲೇಖಿಸಲೇಬೇಕಾದ ಆಕರವನ್ನು ನಿರ್ಮಿಸುತ್ತಾರೆ. ಅವರಿಂದ ಅಷ್ಟನ್ನು ನಿರೀಕ್ಷಿಸುವ ಧೈರ್ಯ ಮೊದಲು ಅಧ್ಯಾಪಕರಾದ ನಮಗೆ ಬರಬೇಕು.