ಲಂಗದ ಹಿಂದಿನ ಮೆತ್ತೆ

ಜಾರ್ಜ್ ಸುರಾ 1884ರಿಂದ 1886ರವರೆಗೆ ಬರೆದ ‘ಲಾ ಗ್ರಾಂಡ್ ಜಾಟ್’ ಚಿತ್ರ ಈಗ ಷಿಕಾಗೋದಲ್ಲಿದೆ. ಅದರ ಬಲಬದಿಯಲ್ಲಿ ಕೊಡೆ ಹಿಡಿದು ನಿಂತ ಹೆಂಗಸಿನ ಲಂಗ ಸೊಂಟದ ಹಿಂದೆ ಅಟ್ಟದ ಹಾಗೆ ಚಾಚಿಕೊಂಡಿದೆ. ಲಂಗವನ್ನು ಹಾಗೆ ಎತ್ತಿ ಹಿಡಿಯುವ ಒಳಗಿನ ಆಸರೆಯೇ ಬಸಲ್. 1870ರ ದಶಕದಲ್ಲಿ ಮೆರೆದು, ನಡುವೆ ಕೆಲವು ವರ್ಷ ಮರೆಯಾಗಿ, 1880ರ ದಶಕದಲ್ಲಿ ಇನ್ನಷ್ಟು ಚೂಪಾಗಿ ಮರಳಿತು. ಆಗ ಉಕ್ಕಿನ ಪಟ್ಟಿಯವೂ ಇದ್ದವು, ಕುದುರೆ ಕೂದಲು ತುಂಬಿದ ಮೆತ್ತೆಗಳೂ ಇದ್ದವು.

ಇಂದು ವಿಕ್ಟೋರಿಯನ್ ಉಡುಪನ್ನೋ, ಆ ಕಾಲಕ್ಕೆ ಉಗಿಯಂತ್ರಗಳ ಕಲ್ಪನೆ ಬೆರೆಸಿದ ಸ್ಟೀಮ್‌ಪಂಕ್ ಉಡುಪನ್ನೋ ಹೊಲಿಯುವ ಹಲವರು ಮೆತ್ತೆಯನ್ನೇ ನೆಚ್ಚುತ್ತಾರೆ. ನನಗೂ ಅದೇ ಇಷ್ಟ. ಗಟ್ಟಿ ಹತ್ತಿಬಟ್ಟೆಯ ಎರಡು ಅರ್ಧಚಂದ್ರಗಳನ್ನು ಕತ್ತರಿಸಿ, ಬಾಗಿದ ಅಂಚು ಹೊಲಿದು, ಅಂಚಿನುದ್ದಕ್ಕೂ ಸಣ್ಣ ಕಚ್ಚು ಹಾಕಬೇಕು. ಕಚ್ಚು ಹಾಕದಿದ್ದರೆ ಮಗುಚಿದಾಗ ಬಟ್ಟೆ ಸುಕ್ಕುಗಟ್ಟುತ್ತದೆ. ಆಮೇಲೆ ತುಂಬುವ ಕೆಲಸ. ಇದರಲ್ಲಿ ಜಿಪುಣತನ ಮಾಡಬಾರದು. ಸಡಿಲವಾಗಿ ತುಂಬಿದ ಮೆತ್ತೆ ಮಖಮಲ್ಲಿನ ಭಾರಕ್ಕೆ ಕುಸಿದುಬಿಡುತ್ತದೆ. ತುದಿಗಳಲ್ಲಿ ತೆಳ್ಳಗೆ, ನಡುವೆ ದಪ್ಪಗೆ ತುಂಬಿದರೆ ಪಕ್ಕೆಗಳು ಉಬ್ಬುವುದಿಲ್ಲ. ಮೇಲಂಚಿಗೆ ಲಾಡಿ ಹೊಲಿದು ಮುಂದೆ ಕಟ್ಟಿಕೊಂಡರಾಯಿತು.

ಮೆತ್ತೆಯ ಗೆರೆ ಹೊರಗೆ ಮೂಡದಿರಲು ಮೇಲೊಂದು ಫ್ರಿಲ್ಲಿನ ಒಳಲಂಗ ಬೇಕೇ ಬೇಕು. ಲಂಗದ ಉದ್ದ ಅಳೆಯುವುದೂ ಇವೆರಡನ್ನು ಕಟ್ಟಿಕೊಂಡ ಮೇಲೆಯೇ. ಇಲ್ಲವಾದರೆ ಹಿಂದಿನ ಅಂಚು ನೆಲ ಬಿಟ್ಟು ಮೇಲೇರುತ್ತದೆ.